ಮೂಳೆಗಳಿಗೆ ಯಾಕೆ ಅಷ್ಟು ಖರ್ಚು?

ಆತ್ಮೀಯ ಓದುಗರೇ,

ಪರದೇಶದಲ್ಲಿ ಸತ್ತ ಚೀನೀಯರ ಮೂಳೆಗಳನ್ನು ಅವರವರ ಊರಿಗೆ ಮುಟ್ಟಿಸುತ್ತಿದ್ದ ಸಂಘಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: ‘ಆ ದುಡ್ಡಿನಲ್ಲಿ ಬದುಕಿದ್ದವರಿಗೆ ಊಟ, ಔಷಧಿ ಕೊಡಬಹುದಿತ್ತಲ್ವಾ?’ ನ್ಯಾಯವಾದ ಪ್ರಶ್ನೆ. ಆದರೆ ಆ ದುಡ್ಡು ಯಾರದ್ದು ಅಂತ ಮೊದಲು ನೋಡಬೇಕು.

ವ್ಯಾಪಾರಿಗಳು ಕೊಟ್ಟಿದ್ದರು, ನಿಜ. ಆದರೆ ಚಿನ್ನದ ಗಣಿಯಲ್ಲಿ, ರೈಲು ಹಳಿಯ ಮೇಲೆ ದುಡಿಯುತ್ತಿದ್ದ ಕೂಲಿಯವರೂ ತಮ್ಮ ಜಿಲ್ಲೆಯ ಸಂಘಕ್ಕೆ ಚಂದಾ ಕಟ್ಟುತ್ತಿದ್ದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಡೆಯವರು. ಸತ್ತ ಮೇಲೆ ಎಡೆ ಇಡುವವರಿಲ್ಲದಿದ್ದರೆ ಆತ್ಮ ಹಸಿದು ಅಲೆಯುತ್ತದೆ ಎಂದು ನಂಬಿದವರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೂತು ಕೆಲವು ವರ್ಷ ಕಳೆದ ಮೇಲೆ ಅಗೆದು, ಮೂಳೆಗಳನ್ನು ಶುಚಿ ಮಾಡಿ, ಹೆಸರು, ಊರು ಬರೆದು ಪೆಟ್ಟಿಗೆಗೆ ತುಂಬುತ್ತಿದ್ದರು. ಪೆಟ್ಟಿಗೆಗಳು ಹಾಂಗ್‌ಕಾಂಗ್‌ಗೆ ಬಂದರೆ ಮುಂದಿನದ್ದು ತುಂಗ್ ವಾ ಆಸ್ಪತ್ರೆಯ ಹೊಣೆ. ಊರಿನವರು ಬಂದು ಒಯ್ಯುವ ತನಕ ಅದು ಅವನ್ನು ಕಾದಿಡುತ್ತಿತ್ತು. 1899ರಲ್ಲಿ ಅದಕ್ಕೆಂದೇ ಸ್ಯಾಂಡಿ ಬೇಯಲ್ಲಿ ಜಾಗ ಮಾಡಿತು. ಇದೇ ಆಸ್ಪತ್ರೆ ಬಡವರಿಗೆ ಪುಕ್ಕಟೆ ಔಷಧಿಯನ್ನೂ ಕೊಡುತ್ತಿತ್ತು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ವೆಂಟ್ನರ್ ಹಡಗಿನ ಕಥೆ. 1902ರ ಅಕ್ಟೋಬರ್‌ನಲ್ಲಿ ಅದು ನ್ಯೂಜಿಲೆಂಡ್‌ನಿಂದ 499 ಜನರ ಅವಶೇಷ ಹೊತ್ತು ಹೊರಟಿತು. ಈ ಕೆಲಸಕ್ಕೆ ಮುಂದಾಳಾಗಿದ್ದ ಡ್ಯುನೆಡಿನ್‌ನ ವ್ಯಾಪಾರಿ ಚೋಯಿ ಸ್ಯೂ ಹೋಯ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರ ದೇಹವೂ ಅದೇ ಹಡಗಿನಲ್ಲಿತ್ತು. ತಾರಾನಾಕಿ ತೀರದಲ್ಲಿ ಬಂಡೆಗೆ ಬಡಿದ ಹಡಗು ಹೊಕಿಯಾಂಗ ಬಳಿ ಮುಳುಗಿತು. ನಾವಿಕರಲ್ಲೂ 13 ಮಂದಿ ಸತ್ತರು. ದಡಕ್ಕೆ ತೇಲಿಬಂದ ಮೂಳೆಗಳನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಹೂತರು. ಇವರು ಯಾರು, ಎತ್ತ ಅಂತ ಕೇಳಲಿಲ್ಲ. ಆ ಜಾಗಗಳ ನೆನಪನ್ನು ಮಕ್ಕಳು, ಮೊಮ್ಮಕ್ಕಳಿಗೆ ದಾಟಿಸಿದರು. 2013ರಲ್ಲಿ ಚೀನೀ ವಂಶದವರು ಅಲ್ಲಿಗೇ ಹೋಗಿ ಅವರಿಗೆ ಕೃತಜ್ಞತೆ ಹೇಳಿದರು.

1937ರಲ್ಲಿ ಜಪಾನ್ ಜೊತೆ ಯುದ್ಧ ಶುರುವಾಗಿ ಈ ಸಾಗಣೆಗೆ ಅಡ್ಡಿಯಾಯಿತು. ಕೆನಡಾದ ವಿಕ್ಟೋರಿಯಾದಲ್ಲಿ 900ಕ್ಕೂ ಹೆಚ್ಚು ಜನರ ಮೂಳೆಗಳು ಪೆಟ್ಟಿಗೆಗಳಲ್ಲೇ ಉಳಿದವು. ಕೊನೆಗೆ 1961ರಲ್ಲಿ ಅವುಗಳನ್ನು ಅಲ್ಲೇ ಹಾರ್ಲಿಂಗ್ ಪಾಯಿಂಟ್ ಸ್ಮಶಾನದಲ್ಲಿ ಹೂತರು. ಊರಿಗೆ ಕಳಿಸಲು ಆಗಲಿಲ್ಲ, ಆದರೆ ಕೈಬಿಡಲೂ ಇಲ್ಲ. ಬದುಕಿದ್ದಾಗ ತಾವೇ ಚಂದಾ ಕಟ್ಟಿ ಕೇಳಿಕೊಂಡದ್ದನ್ನು ಸತ್ತ ಮೇಲೆ ನಡೆಸಿಕೊಟ್ಟರೆ, ಅದನ್ನು ದುಂದು ಎನ್ನಲು ನಾನು ಒಪ್ಪುವುದಿಲ್ಲ.

– ಸಂಪಾದಕ