ಓಪನ್ ಸೋರ್ಸ್ ಜೊತೆ ಮುಚ್ಚಿದ ಕೋಡ್: ಒಪ್ಪಿಗೆಗೆ ಮುನ್ನ ಏನು ನೋಡಬೇಕು?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಹೊಸ ಸಾಫ್ಟ್‌ವೇರ್ ಮಾಡಿಸುತ್ತಿದ್ದೇವೆ. ಕಂಪ್ಯೂಟರ್ ನಡೆಸಲು ಲಿನಕ್ಸ್, ಲೆಕ್ಕ ಇಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್, ರಸೀದಿಗೆ ಐಟೆಕ್ಸ್ಟ್ ಎಲ್ಲ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವಂಥವು. ತೂಕದ ಲೆಕ್ಕ ಮತ್ತು ಬಿಲ್ಲಿನ ಪ್ರೋಗ್ರಾಂ ಮಾತ್ರ ಕಂಪನಿಯ ಸ್ವಂತದ್ದು, ಅದರ ಕೋಡ್ ಕೊಡುವುದಿಲ್ಲವಂತೆ. ವಿನ್ಯಾಸದ ನಕ್ಷೆ ಕೊಟ್ಟಿದ್ದಾರೆ. ಒಪ್ಪುವ ಮುನ್ನ ಏನು ಪರಿಶೀಲಿಸಬೇಕು?
— ಸಂಘದ ನಿರ್ದೇಶಕರೊಬ್ಬರು

ಉತ್ತರ: ನಿಮ್ಮ ಅನುಮಾನವೆಲ್ಲ ಮುಚ್ಚಿದ ಭಾಗದ ಮೇಲಿದ್ದ ಹಾಗಿದೆ. ನಾನಾದರೆ ಮೊದಲು ಐಟೆಕ್ಸ್ಟ್ ಮೇಲೆ ಬೆರಳಿಡುತ್ತೇನೆ. ಪಿಡಿಎಫ್ ಮಾಡುವ ಈ ಲೈಬ್ರರಿ (ಬೇರೆ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲಿದೆ. ಅದನ್ನು ತಮ್ಮ ಪ್ರೋಗ್ರಾಮಿನೊಳಗೆ ಬೆಸೆದು ಕೊಡುವವರು ಆ ಪ್ರೋಗ್ರಾಮಿನ ಕೋಡನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಕೋಡ್ ಕೊಡಲೊಲ್ಲದವರು ಎರಡನೆಯದನ್ನಾದರೂ ಮಾಡಿದ್ದಾರೆಯೇ? ಕಾಗದ ತೋರಿಸಲು ಹೇಳಿ. ಲಿನಕ್ಸ್ ಮೇಲೆ ಓಡುವುದಕ್ಕಾಗಲಿ, ಪೋಸ್ಟ್‌ಗ್ರೆಸ್‌ನಲ್ಲಿ ಲೆಕ್ಕ ಇಡುವುದಕ್ಕಾಗಲಿ ಈ ತೊಡಕಿಲ್ಲ. ಹಾಗಾಗಿ ನಕ್ಷೆಯ ಚೌಕಗಳಿಗಿಂತ ಅವುಗಳ ನಡುವಿನ ಗೆರೆಗಳನ್ನು ನೋಡಿ. ಎರಡು ಭಾಗಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಬೆಸೆದಿದ್ದಾರೋ, ಬೇರೆಬೇರೆ ಓಡುತ್ತ ಮಾಹಿತಿಯನ್ನಷ್ಟೇ ಕೊಟ್ಟು ತೆಗೆದುಕೊಳ್ಳುತ್ತವೋ, ಪ್ರತಿ ಗೆರೆಗೂ ಬರೆಸಿಕೊಳ್ಳಿ.

ಎಲ್ಲ ಲೈಬ್ರರಿಗಳ ಪಟ್ಟಿಯನ್ನೂ ಆವೃತ್ತಿ ಸಮೇತ ಕೇಳಿ. ಮುಚ್ಚಿದ ಭಾಗದ ಹೊಟ್ಟೆಯಲ್ಲೂ ಓಪನ್ ಸೋರ್ಸ್ ಇರುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಓಪನ್ ಸೋರ್ಸ್ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ, ಅದು ತಮ್ಮಲ್ಲಿದೆಯೋ ಇಲ್ಲವೋ ಎಂದು ಹುಡುಕುವುದೇ ಎಷ್ಟೋ ಸಂಸ್ಥೆಗಳಿಗೆ ದೊಡ್ಡ ಕೆಲಸವಾಗಿತ್ತು.

ಇನ್ನು ತೂಕದ ಭಾಗ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಅದು ಆಗಾಗ ಕಂಪನಿಯ ಸರ್ವರನ್ನು ಕೇಳುವಂತಿದ್ದರೆ ನಮ್ಮ ಕಡೆ ಕಷ್ಟ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋಯಿತೆಂದರೆ ತೂಕವೂ ನಿಂತೀತು. ಡೆಮೊ ದಿನ ನೆಟ್ ಕೇಬಲ್ ಕಿತ್ತಿಡಿ, ಕಂಪ್ಯೂಟರಿನ ದಿನಾಂಕವನ್ನು ಒಂದು ತಿಂಗಳು ಮುಂದಕ್ಕೆ ತಳ್ಳಿ, ರಾಶಿ, ಬೆಟ್ಟೆ, ಗೊರಬಲು ಅಡಿಕೆ ಒಂದೊಂದು ಚೀಲ ತೂಗಿಸಿ. ಎಂಜಿನಿಯರ್ ಮುಖ ನೋಡಿದರೇ ಅರ್ಧ ಉತ್ತರ ಸಿಗುತ್ತದೆ!

ಸದಸ್ಯರ ಹೆಸರುಗಳು ಎಲ್ಲ ಕಡೆ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಆಸ್ಕಿ ಅಕ್ಷರಗಳಲ್ಲಿ ತುಂಬಿದ್ದರೆ ಡೇಟಾಬೇಸ್ ಎಷ್ಟೇ ಮುಕ್ತವಾಗಿದ್ದರೂ ಪರಿವರ್ತಿಸದೆ ಬೇರೆ ಕಡೆ ಓದಲಾಗದು. ಕಂಪನಿ ಬಾಗಿಲು ಹಾಕಿದರೆ ಕೋಡ್ ಸಂಘದ ಕೈಸೇರುವಂತೆ ಮೂರನೆಯವರ ಬಳಿ ಇಡಿಸುವ ಎಸ್ಕ್ರೋ ಕರಾರನ್ನು ಮುಂಗಡ ಕೊಡುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಅದಕ್ಕೆ ಬೇರೆ ದರ ಹೇಳುತ್ತಾರೆ.