ಕೋಟೆಗೋಡೆಯ ಪಕ್ಕದ ಮನೆ: ಕಟ್ಟಬಹುದೇ, ಕೆಡವಬಹುದೇ?

ಪ್ರಶ್ನೆ: ವಿಜಯಪುರದ ಊರಕೋಟೆಯ ಗೋಡೆಯಿಂದ ಸುಮಾರು 60 ಮೀಟರ್ ದೂರದಲ್ಲಿ ನಮ್ಮ ಅಜ್ಜನವರು 1970ರ ಹೊತ್ತಿಗೆ ಕಟ್ಟಿಸಿದ ಮನೆಯಿದೆ. ಅದನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದಿದ್ದೇವೆ. ಅಲ್ಲಿ ಗೋಡೆ ಅರ್ಧ ಕುಸಿದಿದೆ. ಅದಕ್ಕೂ ನಿರ್ಬಂಧ ಅನ್ವಯಿಸುತ್ತದೆಯೇ? ಓಣಿಯವರೇ ಸೇರಿ ಗೋಡೆಯನ್ನು ಸಿಮೆಂಟಿನಿಂದ ಸರಿಪಡಿಸಬಹುದೇ?

ಉತ್ತರ: ಅನ್ವಯಿಸುತ್ತದೆ. ಕುಸಿದಿದೆಯೆಂಬ ಕಾರಣಕ್ಕೆ ಸಂರಕ್ಷಿತ ಸ್ಮಾರಕದ ಯಾವ ಭಾಗವೂ ಕಾಯ್ದೆಯಿಂದ ಹೊರಗುಳಿಯುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಆರಂಭವಾಗುವುದು ಸಂರಕ್ಷಿತ ಎಲ್ಲೆಯಿಂದ ಎಂಬುದನ್ನು ಗಮನಿಸಿ. ಕಣ್ಣಿಗೆ ಕಾಣುವ ಕಲ್ಲಿನಿಂದಲೇ ಎಂದು ಭಾವಿಸಬೇಡಿ. ನಿಮ್ಮ ಮನೆ ನಿಷೇಧಿತ ಪ್ರದೇಶದಲ್ಲಿರುವುದರಿಂದ ಅದನ್ನು ಕೆಡವಿ ಮತ್ತೆ ಕಟ್ಟಲು ಅನುಮತಿ ದೊರೆಯದು. ಆದರೆ 1992ರ ಜೂನ್ 16ಕ್ಕಿಂತ ಹಿಂದಿನ ಕಟ್ಟಡವಾದ್ದರಿಂದ ದುರಸ್ತಿ ಮತ್ತು ನವೀಕರಣಕ್ಕಾಗಿ ಸಕ್ಷಮ ಪ್ರಾಧಿಕಾರಕ್ಕೆ (ಇಂಥ ಅರ್ಜಿಗಳನ್ನು ಸ್ವೀಕರಿಸಲು ಈ ಕಾಯ್ದೆಯಡಿ ಗೊತ್ತುಪಡಿಸಿದ ಅಧಿಕಾರಿಗೆ) ಅರ್ಜಿ ಸಲ್ಲಿಸಬಹುದು. ಮನೆಯ ವಯಸ್ಸನ್ನು ತೋರಿಸುವ ಹಳೆಯ ತೆರಿಗೆ ರಸೀದಿಗಳನ್ನು ಜೋಪಾನವಾಗಿಡಿ.

ನಿಮ್ಮಂಥವರಿಗೆ ಇದರಿಂದಾಗುವ ತೊಂದರೆ ಸಣ್ಣದಲ್ಲ. ಆದರೂ ಈ ನಿರ್ಬಂಧ ಬೇಕೆಂದೇ ನನ್ನ ಅಭಿಪ್ರಾಯ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, 1565ರ ಸುಮಾರಿಗೆ ಪೂರ್ಣಗೊಂಡ ಈ ಗೋಡೆ ಊರನ್ನು ಸುಮಾರು 10 ಕಿಲೋಮೀಟರ್ ಸುತ್ತುವರಿದಿದೆ. ಒಂದೊಂದು ಭಾಗದ ಹೊಣೆಯನ್ನು ಒಬ್ಬೊಬ್ಬ ಸರದಾರನಿಗೆ ವಹಿಸಲಾಗಿತ್ತೆಂದು ಹೇಳಲಾಗುತ್ತದೆ. ಬುರುಜಿನಿಂದ ಬುರುಜಿಗೆ ಆಕಾರವೂ ಕಲ್ಲುಕೆಲಸವೂ ಬದಲಾಗುವುದನ್ನು ಇಂದಿಗೂ ಕಾಣಬಹುದು. ಮಲಿಕ್-ಎ-ಮೈದಾನ್ ತೋಪಿರುವ ಶೆರ್ಜಾ ಬುರುಜನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟರೆ ಈ ವೈವಿಧ್ಯವೇ ಅಳಿಸಿಹೋಗುತ್ತದೆ.

ಸಿಮೆಂಟನ್ನಂತೂ ದಯವಿಟ್ಟು ಬಳಸಬೇಡಿ. ಈ ಗೋಡೆಯ ಎರಡೂ ಮೈಗಳು ಕಲ್ಲಿನವು, ನಡುವೆ ತುಂಬಿರುವುದು ಮಣ್ಣು. ಮಳೆಗಾಲದಲ್ಲಿ ಮೇಲಿನಿಂದ ಇಳಿದ ನೀರು ಸುಣ್ಣದ ಗಾರೆಯ ಸಂದುಗಳಿಂದ ಆವಿಯಾಗಿ ಹೊರಹೋಗಬೇಕು. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ತೇವ ಒಳಗೇ ನಿಂತು, ಮಣ್ಣು ಉಬ್ಬಿ, ಹೊರಮೈಯ ಕಲ್ಲುಗಳನ್ನು ಮುಂದಕ್ಕೆ ತಳ್ಳುತ್ತದೆ. ಅರಳಿ ಗಿಡಗಳನ್ನೂ ಕೈಯಿಂದ ಕೀಳಬಾರದು, ಬೇರಿನೊಡನೆ ಕಲ್ಲೂ ಕಿತ್ತು ಬರುತ್ತದೆ. ಸದುದ್ದೇಶದಿಂದ ಮಾಡಿದರೂ ಅನುಮತಿಯಿಲ್ಲದೆ ಸ್ಮಾರಕದ ಮೇಲೆ ಕೆಲಸ ಮಾಡುವುದು ಶಿಕ್ಷೆಗೆ ದಾರಿಯಾಗಬಹುದು. ಕುಸಿದ ಜಾಗದ ಛಾಯಾಚಿತ್ರಗಳೊಂದಿಗೆ ಓಣಿಯವರೆಲ್ಲ ಸಹಿ ಹಾಕಿದ ಮನವಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳೀಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ; ಬಿದ್ದ ಕಲ್ಲುಗಳನ್ನು ಯಾರೂ ಒಯ್ಯದಂತೆ ಅಲ್ಲಿಯವರೆಗೆ ನೋಡಿಕೊಳ್ಳಿ, ದುರಸ್ತಿಗೆ ಅವೇ ಬೇಕಾಗುತ್ತವೆ.