ಹೆಸರು ಬದಲಿಸಿದ್ದೆ, ‘ನಾವು’ ಹಾಗೆಯೇ ಉಳಿದಿತ್ತು

ರಾಜಕೀಯ, ಪ್ರೀತಿ, ದಿನಚರಿ ಮೂರನ್ನೂ ಒಂದೇ ಬರಹದಲ್ಲಿ ಬೆರೆಸಬಹುದೇ, ಮನೆಯವರ ಹೆಸರು ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. 2018ರಲ್ಲಿ ನಾನೂ ಹೆಸರು ಬದಲಿಸಿದ್ದೆ.

ಆಗ ಮನೆಯ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಿದ್ದೆ. ಎಡಪುಟದಲ್ಲಿ ಹಾಲು, ಕೊತ್ತಂಬರಿ, ಬಸ್ಸಿನ ಖರ್ಚು. ಬಲಪುಟದಲ್ಲಿ ಅದೇ ದಿನ ಮನೆಯಲ್ಲಿ ಆಡಿದ ಮಾತು, ಕೇಳಿದ ಸುದ್ದಿ. ಎರಡಕ್ಕೂ ನಂಟು ಹುಡುಕುವುದು ಓದುಗರಿಗೆ ಬಿಟ್ಟದ್ದು. ಆ ರೂಪ ನನಗೆ ಇಂದಿಗೂ ಪ್ರಿಯ.

ನಮಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಮೇ 12ರಂದು ವಿಧಾನಸಭೆಗೆ ಮತದಾನ. ಅವಳಿಗೆ ಚುನಾವಣಾ ಕೆಲಸ. ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ ಮತಯಂತ್ರ ಪಡೆದು, ರಾತ್ರಿ ಮತಗಟ್ಟೆಯಲ್ಲೇ ಉಳಿಯಬೇಕಿತ್ತು. ಅವಳನ್ನು ಬಸ್ಸು ಹತ್ತಿಸಿ ಬಂದು ಬರೆದೆ: ‘ಬೆಳಗ್ಗೆ ನಾವು ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದೆವು. ನಾವು ಈ ಸರ್ಕಾರವನ್ನು ಇಳಿಸದೆ ಬಿಡುವುದಿಲ್ಲ.’

ಒಂದು ಸಣ್ಣ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಯಾರೋ ನಕಲು ತೆಗೆದು ಅವಳ ಮೇಲಧಿಕಾರಿಗೆ ಮುಟ್ಟಿಸಿದರು. ಸರ್ಕಾರಿ ನೌಕರರು ರಾಜಕೀಯದಲ್ಲಿ ತೊಡಗುವಂತಿಲ್ಲ. ಅದರಲ್ಲೂ ಇವಳು ಮತಗಟ್ಟೆಯ ಸಿಬ್ಬಂದಿ. ಕಾರಣ ಕೇಳಿ ನೋಟಿಸ್ ಬಂತು. ಅವಳು ಯಾರಿಗೆ ಮತ ಹಾಕಿದ್ದಳು ಎಂಬುದು ನನಗೇ ಗೊತ್ತಿರಲಿಲ್ಲ!

ಅವಳ ಮನೆಮಾತು ತುಳು. ನೋಟಿಸ್ ಹಿಡಿದುಕೊಂಡೇ, “ಆ ಎರಡು ವಾಕ್ಯಗಳನ್ನು ನಮ್ಮ ಭಾಷೆಯಲ್ಲಿ ಹೇಳಿ ನೋಡಿ” ಎಂದಳು. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟರೆ ‘ಎಂಕುಲು’. ಉಪ್ಪಿಟ್ಟು ತಿಂದವರು ಎಂಕುಲು, ನಾನು ಮತ್ತು ಅವಳು. ಸರ್ಕಾರ ಇಳಿಸುವವರು ನಮ, ನಾನು ಮತ್ತು ಓದುಗರು. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಹಾಗೆ. ಆದರೆ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಅಕ್ಕಪಕ್ಕದಲ್ಲಿ ಕೂತ ಎರಡು ವಾಕ್ಯಗಳಲ್ಲಿ ತಟ್ಟೆಯ ಮುಂದೆ ಕುಳಿತಿದ್ದವಳು ಎದ್ದು ಹೋಗಲೇ ಇಲ್ಲ, ಎರಡನೆಯದಕ್ಕೂ ಬಂದಳು. ಎರಡನೆಯ ವಾಕ್ಯ ‘ನಾನು’ ಎಂದು ಶುರುವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಅಕ್ಷರದ ವ್ಯತ್ಯಾಸ. ‘ನಾವು’ ಎಂದರೆ ಮಾತಿಗೆ ತೂಕ ಬರುತ್ತದೆ ಎಂದು ಆಸೆಪಟ್ಟೆ. ಆ ತೂಕವನ್ನು ಹೊತ್ತವಳು ಅವಳು. ನಾಲ್ಕು ತಿಂಗಳು, ಎರಡು ವಿವರಣೆ ಪತ್ರ. ಕೊನೆಗೆ ಎಚ್ಚರಿಕೆ ಕೊಟ್ಟು ಮುಗಿಸಿದರು. ಆಮೇಲೆ ಬಹಳ ದಿನ, ಲೆಕ್ಕದ ಪುಸ್ತಕ ತೆರೆದಿದ್ದರೆ ಅವಳು ಮಾತೇ ಆಡುತ್ತಿರಲಿಲ್ಲ. ನೋಟಿಸ್‌ಗಿಂತ ನನಗೆ ಅದೇ ಹೆಚ್ಚು ನೋವು ಕೊಟ್ಟಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಸರು ಬದಲಿಸುವುದರಿಂದ ಯಾರಿಗೂ ರಕ್ಷಣೆ ಸಿಗದು. ಬರಹದ ಮೇಲೆ ನಿಮ್ಮ ಹೆಸರಿದ್ದರೆ ನಿಮ್ಮ ಹೆಂಡತಿ ಯಾರೆಂದು ಊರಿಗೇ ಗೊತ್ತು. ಬೆರೆಸಬಹುದೇ ಎಂದು ಹೆದರುವುದೂ ಬೇಡ. 12ನೆಯ ಶತಮಾನದಲ್ಲೇ ಆಯ್ದಕ್ಕಿ ಲಕ್ಕಮ್ಮ, ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ಆಸೆ ಅರಸರಿಗೆ ಸೇರಿದ್ದು, ಭಕ್ತರಿಗಲ್ಲ ಎಂದು ಹೇಳಿ ಹಿಂದಕ್ಕೆ ಸುರಿದು ಬರಲು ಕಳುಹಿಸಿದಳು. ಅಕ್ಕಿ, ದಾಂಪತ್ಯ, ಅರಸೊತ್ತಿಗೆ ಮೂರೂ ಒಂದೇ ವಚನದಲ್ಲಿವೆ. ಅವಳು ಯಾರ ಮರೆಯಲ್ಲೂ ನಿಂತು ಮಾತನಾಡಲಿಲ್ಲ.

ಬರೆದು ಮುಗಿಸಿದ ಮೇಲೆ ಪ್ರತಿಯೊಂದು ‘ನಾವು’ವಿನ ಪಕ್ಕ, ಅಂಚಿನಲ್ಲಿ, ಅದರೊಳಗೆ ಯಾರು ಯಾರಿದ್ದಾರೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಅವರಿಗೆ ಓದಿಸಿ. ಈ ಉತ್ತರವನ್ನೂ ಮೊದಲು ಅವಳಿಗೆ ತೋರಿಸಿದೆ. ಎರಡು ವಾಕ್ಯ ತೆಗೆಯಲು ಹೇಳಿದಳು, ತೆಗೆದಿದ್ದೇನೆ.